ಕಾರು ಅವರದು, ರಸ್ತೆ ಎಲ್ಲರದು!

ಟರ್ಬೋ ಕಾರುಗಳನ್ನು ಮನೆಯಂಗಳದಲ್ಲೇ ಬಿಚ್ಚಿ ಜೋಡಿಸುವ ಖಯಾಲಿ ಜಿಲ್ಲಾ ಕೇಂದ್ರಗಳಿಗೂ ಬಂದಿದೆ. ಕೈ ಮಸಿ ಮಾಡಿಕೊಂಡು ಕೆಲಸ ಕಲಿಯುವ ಹುಡುಗರನ್ನು ಬೈಯಬೇಕಾಗಿಲ್ಲ. ಎಂಜಿನ್ ಉಗುಳುವ ಹೊಗೆಯ ರಭಸಕ್ಕೆ ಟರ್ಬೋ ಚಕ್ರ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದರ ಜೀವ ಇರೋದು ಆಯಿಲಿನಲ್ಲಿ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿ, ಜೋರಾಗಿ ಓಡಿಸಿ ಬಂದ ಮೇಲೆ ಒಂದು ನಿಮಿಷ ತಾಳಿ ಎಂಜಿನ್ ಆರಿಸಿದರೆ ದೊಡ್ಡ ಖರ್ಚು ತಪ್ಪುತ್ತದೆ.

ತಕರಾರು ಇರೋದು ಅದರಾಚೆಗೆ. ಶಕ್ತಿ ಸಾಲದೆಂದು ಗಾಳಿಯ ಒತ್ತಡ ಏರಿಸುತ್ತಾರೆ, ಸೈಲೆನ್ಸರ್ ಕಿತ್ತು ಹಾಕುತ್ತಾರೆ. ಬ್ರೇಕು, ಟೈರು ಮಾತ್ರ ಹಳೆಯವೇ! ಒತ್ತಡಕ್ಕೆ ತಕ್ಕ ಪೆಟ್ರೋಲ್ ಸಿಗದೆ ಪಿಸ್ಟನ್ ಕರಗಿದರೆ ಅದು ಮಾಲೀಕನ ನಷ್ಟ. ಬ್ರೇಕು ಹಿಡಿಯದಿದ್ದರೆ? ಬಸ್ಸಿಗೆ ಕಾದು ನಿಂತವನ ಪ್ರಾಣ.

ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ವಾಹನ ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟು 2019ರಲ್ಲೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಟು ಒಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಹೆಲ್ಮೆಟ್ಟಿಲ್ಲದ ಬಡ ಸ್ಕೂಟರಿನವನನ್ನು ಅಡ್ಡಗಟ್ಟುವವರ ಕಿವಿಗೆ ಈ ಆರ್ಭಟ ಬೀಳುವುದಿಲ್ಲವೇ? ವೇಗದ ಚಪಲಕ್ಕೆ ಚೆನ್ನೈ, ಕೊಯಮತ್ತೂರಿನಲ್ಲಿ ರೇಸ್ ಟ್ರ್ಯಾಕುಗಳಿವೆ. ಬಸ್ ಸ್ಟ್ಯಾಂಡ್ ರಸ್ತೆ ಅದಕ್ಕಲ್ಲ.