ಕಸುಬು ಮೊದಲು, ದಂಧೆ ಆಮೇಲೆ

ಮುಂಬೈ, ಪುಣೆ, ಹೈದರಾಬಾದಿನ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು ಊಟದ ಸಾಲು ಕರಗುವ ಹೊತ್ತಿಗೆ ಮೂಲೆಯಲ್ಲೊಂದು ಮಾತು ಶುರುವಾಗುತ್ತದೆ. ‘ಎಷ್ಟು ದಿನ ಅಂತ ಇನ್ನೊಬ್ಬರ ಕೈಕೆಳಗೆ ದುಡಿಯೋದು? ಸ್ವಂತದ್ದು ಏನಾದರೂ ಮಾಡಬೇಕು.’ ಏನು ಮಾಡುವುದು ಎಂದರೆ ಉತ್ತರ ಬಹುಪಾಲು ಒಂದೇ: ಸಣ್ಣದೊಂದು ಹೋಟೆಲು. ಅದಾಗದಿದ್ದರೆ ದೋಸೆ ಹಿಟ್ಟು. ಅದೂ ಆಗದಿದ್ದರೆ ಊರಿಂದ ಚಟ್ನಿಪುಡಿ, ಜೋಳದ ರೊಟ್ಟಿ, ಬ್ಯಾಡಗಿ ಮೆಣಸಿನಕಾಯಿ ತರಿಸಿ ಮಾರುವುದು. ಹೇಳುವವರು ಬ್ಯಾಂಕಿನಲ್ಲೋ ಐಟಿ ಕಂಪನಿಯಲ್ಲೋ ಹದಿನೈದು ವರ್ಷ ಕೂತು ಕೆಲಸ ಮಾಡಿದವರು. ಮನೆಯ ಕಾವಲಿಯ ಮೇಲೆ ಒಂದು ದೋಸೆ ಹೊಯ್ದು ಗೊತ್ತಿಲ್ಲದವರೂ ಅವರಲ್ಲಿ ಇರುತ್ತಾರೆ.

ಈ ಉತ್ತರ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಕನ್ನಡ ನಾಡಿನಿಂದ ಹೊರಗೆ ಹೋಗಿ ಗೆದ್ದವರ ಕತೆ ಎಂದರೆ ನಮ್ಮ ಕಿವಿಗೆ ಉಡುಪಿ ಹೋಟೆಲಿನ ಕತೆ. ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಮದರಾಸಿನಲ್ಲಿ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ — ಇಂಥ ಹೆಸರುಗಳನ್ನು ಕೇಳಿಯೇ ಹೊರನಾಡಿನ ಮಕ್ಕಳು ಬೆಳೆದಿದ್ದಾರೆ. ಆದರೆ ಆ ಕತೆಯ ಕೊನೆಯ ಅಧ್ಯಾಯ ಮಾತ್ರ ನೆನಪಿನಲ್ಲಿ ಉಳಿದಿದೆ. ಕೃಷ್ಣರಾಯರು ಉಡುಪಿ ಸೀಮೆಯ ಕಡಂದಲೆಯಿಂದ ಹೊರಟವರು. ಮದರಾಸಿನಲ್ಲಿ ಮೊದಲು ಮಾಡಿದ್ದು ಇನ್ನೊಬ್ಬರ ಹೋಟೆಲಿನ ಅಡುಗೆಮನೆಯ ಕೆಲಸ. 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆಯುವ ಹೊತ್ತಿಗೆ ಯಾವ ದಿನ ಎಷ್ಟು ಅಕ್ಕಿ ನೆನೆಸಬೇಕು, ಸಂಜೆ ಉಳಿದದ್ದನ್ನು ಏನು ಮಾಡಬೇಕು, ಯಾವ ಭಟ್ಟರು ಹಬ್ಬಕ್ಕೆ ಊರಿಗೆ ಹೋದರೆ ತಿರುಗಿ ಬರುವುದಿಲ್ಲ ಎಂಬುದೆಲ್ಲ ಅವರಿಗೆ ಕೈಗೆ ಬಂದ ವಿದ್ಯೆ. ಕರಾವಳಿಯಿಂದ ಮುಂಬೈಗೆ ಹೋದ ಹುಡುಗರದ್ದೂ ಇದೇ ಹಾದಿ: ಹಗಲು ಲೋಟ ತೊಳೆಯುವುದು, ಸಂಜೆ ಕನ್ನಡ ರಾತ್ರಿಶಾಲೆ, ಕೆಲವು ವರ್ಷಕ್ಕೆ ಸಪ್ಲೈಯರ್, ಮತ್ತೆ ಕೆಲವು ವರ್ಷಕ್ಕೆ ಗಲ್ಲೆ. ‘ಯಾವ ವ್ಯಾಪಾರ ಮಾಡಲಿ’ ಎಂಬ ಪ್ರಶ್ನೆ ಅವರಿಗೆ ಎದುರಾಗಲೇ ಇಲ್ಲ. ಕಲಿತದ್ದು ಒಂದೇ ಕೆಲಸ, ಅದನ್ನೇ ಸ್ವಂತಕ್ಕೆ ಮಾಡಿದರು.

ರಾಮ ನಾಯಕರು ಇಟ್ಟದ್ದು ಬೋರ್ಡಿಂಗ್ ಎಂಬುದನ್ನೂ ಗಮನಿಸಬೇಕು. ಬಾಯಿಚಪಲಕ್ಕೆ ಒಮ್ಮೆ ಬಂದು ಹೋಗುವ ಗಿರಾಕಿಯನ್ನು ನಂಬಿದ ವ್ಯಾಪಾರ ಅದಲ್ಲ. ಮಾಟುಂಗದ ಸುತ್ತ ಆಗಲೇ ದಕ್ಷಿಣದ ಗುಮಾಸ್ತರು, ಟೈಪಿಸ್ಟರು ತುಂಬಿದ್ದರು. ಅವರಿಗೆ ಬೇಕಾಗಿದ್ದದ್ದು ದಿನಕ್ಕೆರಡು ಹೊತ್ತಿನ ಅನ್ನ. ಗಿರಾಕಿ ಮೊದಲೇ ಅಲ್ಲಿದ್ದ, ಅಡುಗೆ ಆಮೇಲೆ ಬಂತು.

ಈ ಕತೆಗೆ ಇನ್ನೊಂದು ಮುಖವಿದೆ, ಅಭಿಮಾನದ ಭಾಷಣಗಳಲ್ಲಿ ಅದು ಬರುವುದಿಲ್ಲ. ಮೊದಮೊದಲು ಹೋಟೆಲಿನ ಅಡುಗೆಮನೆ ಎಂದರೆ ಬ್ರಾಹ್ಮಣರದ್ದು; ಊಟಕ್ಕೆ ಬರುವವರು ಜಾತಿ ಕೇಳುತ್ತಿದ್ದ ಕಾಲ. ಬಂಟರು ಕಾರ್ಖಾನೆಯ ಕ್ಯಾಂಟೀನು ಹಿಡಿದು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಆಮೇಲೆ. 1974ರ ಭೂಸುಧಾರಣೆಯಲ್ಲಿ ಊರಿನ ಗೇಣಿ ಜಮೀನು ಕೈತಪ್ಪಿದ ಮನೆಗಳ ಹುಡುಗರೂ ಅವರಲ್ಲಿದ್ದರು. ಹಣ ಹೊಂದಿಸಿದ್ದು ಸ್ವಜಾತಿಯ ಚೀಟಿ, ಕೆಲಸ ಕೊಡಿಸಿದ್ದು ಮಾವನ ಕಾಗದ. ಆ ಜಾಲದ ಹೊರಗಿದ್ದವನಿಗೆ ಕಾವಲಿಯ ಹತ್ತಿರ ಹೋಗುವುದೂ ಸುಲಭವಿರಲಿಲ್ಲ. ಹಾಗಾಗಿ ‘ನಮ್ಮ ಹಿರಿಯರು ಬರಿಗೈಲಿ ಬಂದು ಹೋಟೆಲು ಕಟ್ಟಿದರು’ ಎಂಬ ಮಾತು ಅರ್ಧ ಮಾತ್ರ ನಿಜ. ಬರಿಗೈ ಹೌದು, ಆದರೆ ಆ ಕೈ ಹಿಡಿಯುವವರಿದ್ದರು. ಇವತ್ತಿನ ಸಂಬಳದಾರನಿಗೆ ಕೈಯಲ್ಲಿ ಪಿ.ಎಫ್. ಹಣವಿದೆ, ಹಿಡಿಯುವ ಕೈಗಳೂ ಇಲ್ಲ, ಹತ್ತು ವರ್ಷದ ಪಳಗುವಿಕೆಯೂ ಇಲ್ಲ.

ಭಾಷೆಯೇ ಇಲ್ಲೊಂದು ಸೂಕ್ಷ್ಮ ಹೇಳುತ್ತದೆ. ಕರ್ನಾಟಕದ ಪತ್ರಿಕೆಗಳಲ್ಲಿ ‘ದಂಧೆ’ ಎಂದರೆ ಮರಳು ದಂಧೆ, ಜೂಜಿನ ದಂಧೆ. ಮುಂಬೈ ಕನ್ನಡಿಗರ ಬಾಯಲ್ಲಿ ಮರಾಠಿ, ಹಿಂದಿಯ ಸಹವಾಸದಿಂದ ಅದು ಬರೀ ವ್ಯಾಪಾರ. ‘ದಂಧೆ ಹೇಗುಂಟು ಮಾರಾಯ?’ ಎಂದರೆ ಬೆಂಗಳೂರಿನ ನೆಂಟ ಬೆಚ್ಚಿಬೀಳಬಹುದು, ಅಷ್ಟೇ. ‘ಕಸುಬು’ ಇನ್ನೂ ದೂರದಿಂದ ಬಂದದ್ದು, ಅರಬ್ಬಿಯಿಂದ. ಅಲ್ಲಿ ಅದರ ಅರ್ಥ ಗಳಿಕೆ. ಕನ್ನಡಕ್ಕೆ ಬಂದು ಅದು ಕೈಯಲ್ಲಿ ಕೂತ ಕೆಲಸವಾಯಿತು. ‘ಕಸುಬುದಾರ’ ಎಂದರೆ ಹಣ ಮಾಡಿದವನಲ್ಲ, ಪಳಗಿದವನು. ಸಂಘದ ಮೂಲೆಯಲ್ಲಿ ನಡೆಯುವ ಮಾತುಕತೆಯ ಎಡವಟ್ಟು ಇರುವುದು ಇಲ್ಲೇ: ಎಲ್ಲರೂ ದಂಧೆ ಹುಡುಕುತ್ತಿದ್ದಾರೆ, ತಮ್ಮ ಕಸುಬು ಯಾವುದೆಂದು ಯಾರೂ ಕೇಳಿಕೊಳ್ಳುತ್ತಿಲ್ಲ.

ದೋಸೆ ಹಿಟ್ಟನ್ನೇ ತೆಗೆದುಕೊಳ್ಳಿ. ನೋಡಲು ಇದಕ್ಕಿಂತ ಸುಲಭದ್ದಿಲ್ಲ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ: ಕಿಲೊ ಹಿಟ್ಟನ್ನು ನೇರ ಮನೆಗಳಿಗೆ 90 ರೂಪಾಯಿಗೆ ಮಾರಿದರೆ ಅಕ್ಕಿ, ಉದ್ದು, ಮೆಂತ್ಯ, ಕರೆಂಟಿಗೆ 40, ಪೊಟ್ಟಣಕ್ಕೂ ತಲುಪಿಸುವುದಕ್ಕೂ 15, ಹುಳಿಯಾಗಿ ಚೆಲ್ಲಿದ್ದಕ್ಕೆ 5. ಉಳಿದದ್ದು 30. ಮಳಿಗೆ ಬಾಡಿಗೆ 18,000, ಒಬ್ಬ ಕೆಲಸದವರಿಗೆ 15,000 ಎಂದರೆ ತಿಂಗಳಿಗೆ 33,000. ಅಂದರೆ 1,100 ಕಿಲೊ, ದಿನಕ್ಕೆ ಸುಮಾರು 37 ಕಿಲೊ ಮಾರಬೇಕು. ವಾರಕ್ಕೊಂದು ಕಿಲೊ ಕೊಳ್ಳುವ 250ಕ್ಕೂ ಹೆಚ್ಚು ಮನೆಗಳು ಬೇಕು. ಇಷ್ಟಾದ ಮೇಲೂ ಮಾಲೀಕನ ಕೈಗೆ ಒಂದು ರೂಪಾಯಿ ಬಂದಿಲ್ಲ. ದಿಲ್ಲಿಯ ಜನವರಿಯಲ್ಲಿ ಹಿಟ್ಟು ಹುದುಗುವುದಿಲ್ಲ, ಚೆನ್ನೈಯ ಮೇ ತಿಂಗಳಲ್ಲಿ ಮಧ್ಯಾಹ್ನಕ್ಕೇ ಉಕ್ಕಿ ಹುಳಿಯಾಗುತ್ತದೆ ಎಂಬುದು ಬೇರೆ ಮಾತು.

ಹಿಟ್ಟಿನಲ್ಲಿ ಗೆದ್ದವರಿಲ್ಲವೇ ಎಂದರೆ ಇದ್ದಾರೆ. ಬೆಂಗಳೂರಿನಲ್ಲಿ 2005ರಲ್ಲಿ ಶುರುವಾದ ಐಡಿ ಕಂಪನಿಯ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ಅದನ್ನು ಕಟ್ಟಿದ ಪಿ.ಸಿ. ಮುಸ್ತಫಾ ಅವರ ಸೋದರಸಂಬಂಧಿಗಳು ಕಿರಾಣಿ ಅಂಗಡಿ ನಡೆಸುತ್ತಿದ್ದವರು. ರಬ್ಬರ್ ಬ್ಯಾಂಡ್ ಹಾಕಿದ ಹಿಟ್ಟಿನ ಪೊಟ್ಟಣ ಹೇಗೆ ಮಾರಾಟವಾಗುತ್ತದೆ, ಅದರ ಬಗ್ಗೆ ಜನ ಏನು ಬೈಯುತ್ತಾರೆ ಎಂಬುದನ್ನು ಕೌಂಟರಿನ ಒಳಗೆ ನಿಂತು ಕಂಡವರು. ಉದಾಹರಣೆ ಕೊಡುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ.

ಊರಿನ ಸಾಮಾನು ತರಿಸಿ ಮಾರುವುದರ ಕಷ್ಟ ಬೇರೆ ಥರದ್ದು. ‘ನಮ್ಮವರು ಇಷ್ಟು ಜನ ಇದ್ದಾರೆ, ತಗೊಳ್ಳಲ್ವಾ?’ ಎಂಬ ಲೆಕ್ಕ ಅಲ್ಲಿ ನಡೆಯುತ್ತದೆ. ತಗೊಳ್ಳುತ್ತಾರೆ, ಯುಗಾದಿಗೆ, ದೀಪಾವಳಿಗೆ. ಮಿಕ್ಕ ದಿನ ಅವರಿಗೆ ಊರಿಂದ ಅಮ್ಮ ಕಳಿಸಿದ್ದೇ ಇರುತ್ತದೆ. ಪರಿಚಯದವರಾದ್ದರಿಂದ ಉದ್ರಿ ಬೇರೆ ಕೇಳುತ್ತಾರೆ, ಕೊಡದಿದ್ದರೆ ಸಂಘದಲ್ಲಿ ಮಾತು. ಅಕ್ಕಪಕ್ಕದ ಮರಾಠಿ, ತೆಲುಗು ಮನೆಗಳು ಕೊಳ್ಳದ ಸಾಮಾನನ್ನು ಊರಿನ ನೆನಪಿನ ಬಲದ ಮೇಲೆ ಮಾರುತ್ತೇನೆನ್ನುವವರು ವರ್ಷಕ್ಕೆ ನಾಲ್ಕು ಹಬ್ಬದ ಅಂಗಡಿ ಇಡುತ್ತಿದ್ದಾರೆ, ಬಾಡಿಗೆ ಮಾತ್ರ ಹನ್ನೆರಡು ತಿಂಗಳದ್ದು.

ಜಾಗದ ವಿಚಾರ ಬಂದದ್ದಕ್ಕೆ ಒಂದು ಮಾತು. ಚೆನ್ನೈಯ ಕೆಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 1962ರಿಂದ ನಡೆದು, ಇಡೀ ಊರಿಗೆ ಪ್ರೀತಿಯದಾಗಿ, 2008ರಲ್ಲಿ ಮುಚ್ಚಿತು. ನೆಲ ಸರ್ಕಾರದ್ದು, ಸರ್ಕಾರ ಹಿಂದಕ್ಕೆ ಪಡೆಯಿತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ನಾಲ್ಕು ದಶಕ ಮೀರಿ ಬೇರುಬಿಟ್ಟದ್ದರ ಗತಿಯೇ ಹೀಗಾದರೆ ಹನ್ನೊಂದು ತಿಂಗಳ ಕರಾರಿನ ಮಳಿಗೆಗೆ ಲಕ್ಷಗಟ್ಟಲೆ ಖರ್ಚು ಮಾಡಿ ಮರದ ಕೆಲಸ ಮಾಡಿಸುವವರ ಧೈರ್ಯಕ್ಕೆ ಏನನ್ನಬೇಕು?

ಹಾಗಾದರೆ ಸಂಬಳದಾರ ಏನೂ ಮಾಡಬಾರದೆಂದಲ್ಲ. ಹದಿನೈದು ವರ್ಷ ಬ್ಯಾಂಕಿನಲ್ಲಿ ಸಾಲದ ಕಡತ ನೋಡಿದವನ ಕಸುಬು ಹೋಟೆಲಿನ ಒಳಗಿಲ್ಲ, ಅದರ ಪಕ್ಕದಲ್ಲಿದೆ. ಪುಣೆ, ಮುಂಬೈಯ ಎಷ್ಟೋ ಹೋಟೆಲಿನವರಿಗೆ ಜಿಎಸ್‌ಟಿ, ಆಹಾರ ಪರವಾನಗಿ, ಸಾಲದ ಅರ್ಜಿಗಳ ಕಾಗದಪತ್ರ ನೋಡಿಕೊಳ್ಳುವವರು ಬೇಕು. ತುಳುವಿನಲ್ಲೋ ಕನ್ನಡದಲ್ಲೋ ವಿವರಿಸಬಲ್ಲವರು ಸಿಕ್ಕರೆ ಇನ್ನೂ ಒಳ್ಳೆಯದು. ಇಂಥದ್ದಕ್ಕೆ ಮೇಜು, ಕಂಪ್ಯೂಟರ್ ಸಾಕು, ಸಂಜೆಗೆ ಹಳಸುವಂಥದ್ದು ಏನೂ ಇಲ್ಲ. ಹೇಳಿಕೊಳ್ಳಲು ಅಷ್ಟೇನೂ ಚೆನ್ನಾಗಿರುವುದಿಲ್ಲ, ಉದ್ಘಾಟನೆಗೆ ದೀಪ ಬೆಳಗಿಸಲು ಯಾರನ್ನೂ ಕರೆಯಲಾಗುವುದಿಲ್ಲ, ನಿಜ. ಹೋಟೆಲೇ ಬೇಕೆಂದು ಹಟವಿದ್ದರೆ ಅಡ್ವಾನ್ಸ್ ಕೊಡುವ ಮುನ್ನ ಮೂರು ತಿಂಗಳು ಭಾನುವಾರಗಳನ್ನು ಪರಿಚಯದವರ ಹೋಟೆಲಿನ ಒಳಮನೆಯಲ್ಲಿ ಕಳೆಯಲಿ. ಮುದ್ರಾ ಯೋಜನೆಯಲ್ಲಿ 2015ರಿಂದ ಜಾಮೀನಿಲ್ಲದ ಸಾಲ ಸಿಗುತ್ತಿದೆ, 50,000ದ ಒಳಗಿನ ಶಿಶು ಸಾಲದಿಂದ ಶುರು. ಮೊದಲ ಪ್ರಯತ್ನಕ್ಕೆ ಆ ಮೊತ್ತದಲ್ಲಿ ಆಗುವಷ್ಟೇ ಮಾಡುವುದು ವಾಸಿ, ಪಿ.ಎಫ್. ಮುರಿಯುವುದಕ್ಕಿಂತ.

ಇನ್ನು ‘ಮನೆಯಲ್ಲೇ ಮಾಡಿ ಮಾರೋಣ’ ಎನ್ನುವವರ ವಿಷಯ. ಈ ತೀರ್ಮಾನ ಎಷ್ಟೋ ಮನೆಗಳಲ್ಲಿ ಗಂಡಸರ ನಡುವೆಯೇ ಆಗುತ್ತದೆ; ‘ಅವಳು ಮನೆಯಲ್ಲೇ ಇರ್ತಾಳಲ್ಲ’ ಎಂಬುದು ಬಂಡವಾಳದ ಮೊದಲ ಸಾಲು. ಮೇಲಿನ ಲೆಕ್ಕದ 15,000 ಸಂಬಳ ಉಳಿಯುವುದು ಅವಳ ರಟ್ಟೆಯಿಂದ. ಅಡವಿಡುವ ಬಂಗಾರವೂ ಅವಳದ್ದೇ. ಬೆಳಗಿನ ನಾಲ್ಕಕ್ಕೆ ಎದ್ದು ಗ್ರೈಂಡರ್ ಹಾಕುವವಳು ಯಾರು, ಮಗುವಿಗೆ ಜ್ವರ ಬಂದ ದಿನ 37 ಕಿಲೊ ಹಿಟ್ಟಿನ ಗತಿ ಏನು, ತಿಂಗಳ ಕೊನೆಗೆ ಉಳಿದದ್ದರಲ್ಲಿ ಅವಳ ಹೆಸರಿನ ಖಾತೆಗೆ ಎಷ್ಟು ಹೋಗುತ್ತದೆ, ಇವನ್ನು ಅವಳ ಎದುರು ಕೂತು ಕಾಗದದ ಮೇಲೆ ಬರೆಯಬೇಕು. ಅದೂ ವ್ಯಾಪಾರಕ್ಕೆ ಹೆಸರಿಡುವ ಮೊದಲು.