ಹೊರಹೋಗುವವರ ಲೆಕ್ಕ

ನಮ್ಮ ದೇಗುಲಗಳ ದ್ವಾರಪಾಲಕರು ಒಳಬರುವವರ ಮೇಲೆ ಕಣ್ಣಿಟ್ಟು ನಿಂತವರು. ಹೊರಗೆ ಹೊರಟವರನ್ನು ಅವರು ತಡೆದ ಕಥೆಯನ್ನು ನಾನು ಕೇಳಿಲ್ಲ. ಮನೆಯ ರೂಟರಿನೊಳಗಿರುವ ಫೈರ್‌ವಾಲ್ ಎಂಬ ಕಾವಲುಗಾರನೂ ಸಾಮಾನ್ಯವಾಗಿ ಇದೇ ಸಂಪ್ರದಾಯದವನು. ಕರೆಯದೆ ಬಂದವರನ್ನು ತಡೆಯುತ್ತಾನೆ. ಒಳಗಿನಿಂದ ಯಾರು ಎಲ್ಲಿಗೆ ಹೊರಟರೂ ಸುಮ್ಮನಿರುತ್ತಾನೆ. ಹೊರಹೋಗುವವರನ್ನೂ ಬರೆದಿಡೆಂದು ಅವನಿಗೆ ಅಪ್ಪಣೆ ಮಾಡಿ, ಆ ದಿನಚರಿಯನ್ನು ಓದಿದವರಿಗೆ ಅಚ್ಚರಿ ತಪ್ಪಿದ್ದಲ್ಲ. ಮನೆಮಂದಿಯೆಲ್ಲ ಮಲಗಿದ ಹೊತ್ತಿನಲ್ಲಿ ನಮ್ಮ ಟೆಲಿವಿಷನ್ನು ಯಾವುದೋ ದೂರದ ಯಂತ್ರದೊಡನೆ ಸಂಭಾಷಣೆ ನಡೆಸುತ್ತಿತ್ತೆಂಬುದು ನನಗೆ ತಿಳಿದದ್ದು ಹಾಗೆ.

ಇಂಥದನ್ನು ಕಂಡೊಡನೆ ಕಳ್ಳ ಹೊಕ್ಕನೆಂದು ಬೊಬ್ಬೆಯಿಡುವುದು ಸಲ್ಲದು. ಬಹುಪಾಲು ನಿರುಪದ್ರವಿ. ಪೋರ್ಟ್ ಎಂಬ ಬಾಗಿಲಿನ ಸಂಖ್ಯೆ 123 ಆಗಿದ್ದರೆ, ಹೋದದ್ದು ಸಾಮಾನ್ಯವಾಗಿ ಗಂಟೆ ಎಷ್ಟಾಯಿತೆಂದು ಕೇಳಲು. 53 ಆಗಿದ್ದರೆ, ಹೆಸರು ಹೇಳಿ ವಿಳಾಸ ತಿಳಿಯಲು. ಆಂಡ್ರಾಯ್ಡ್ ಫೋನಂತೂ ಗೂಗಲ್ಲಿನಿಂದ ಏನನ್ನೂ ಬರೆಯದ ಪುಟವೊಂದನ್ನು ಬೇಡುತ್ತದೆ. ಆ ಶೂನ್ಯ ಬಂದು ಮುಟ್ಟಿದರೆ ಇಂಟರ್‌ನೆಟ್ ಇದೆಯೆಂದು ಸಮಾಧಾನಪಡುತ್ತದೆ. ಶೂನ್ಯವನ್ನು ಸಂಪಾದಿಸಿ ತೃಪ್ತರಾಗುವ ಮಾತು ಕನ್ನಡಿಗರಿಗೆ ಹೊಸದಲ್ಲವಷ್ಟೆ!

ಆದರೆ ಗಂಟೆ ಕೇಳುವಂಥ ಸಾಧು ಪ್ರಶ್ನೆಯೂ ಮಿತಿಮೀರಬಲ್ಲದು. 2003ರ ಮೇ ತಿಂಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಗಡಿಯಾರ-ಯಂತ್ರದ ಮೇಲೆ ಸೆಕೆಂಡಿಗೆ ಲಕ್ಷಗಟ್ಟಲೆ ಪ್ರಶ್ನೆಗಳು ಸುರಿದವು. ಶತ್ರುಗಳ ದಾಳಿಯೇನೂ ಅಲ್ಲ. ನೆಟ್‌ಗಿಯರ್ ಕಂಪನಿಯ ಮನೆಬಳಕೆಯ ರೂಟರುಗಳಲ್ಲಿ ಆ ಯಂತ್ರದ ವಿಳಾಸವನ್ನೇ ಅಚ್ಚೊತ್ತಿಬಿಟ್ಟಿದ್ದರು. ಉತ್ತರ ಬಾರದಿದ್ದರೆ ಸೆಕೆಂಡಿಗೊಮ್ಮೆ ಮತ್ತೆ ಕೇಳುವಂತೆ ಕಲಿಸಿದ್ದರು. ತಮ್ಮ ಮನೆಯಿಂದಲೂ ಈ ಪ್ರವಾಹಕ್ಕೊಂದು ಹನಿ ಸೇರುತ್ತಿದೆಯೆಂದು ಎಷ್ಟು ಗೃಹಸ್ಥರಿಗೆ ತಿಳಿದೀತು?

ಟೆಲಿವಿಷನ್ನಿನ ವಿಚಾರ ಇನ್ನೂ ಗಂಭೀರ. ವಿಜಿಯೊ ಎಂಬ ಅಮೆರಿಕದ ಕಂಪನಿ 1.1 ಕೋಟಿ ಟೆಲಿವಿಷನ್ನುಗಳ ಮೂಲಕ, ನೋಡುಗರ ಒಪ್ಪಿಗೆಯಿಲ್ಲದೆ, ಅವರು ನೋಡಿದ್ದನ್ನೆಲ್ಲ ಸಂಗ್ರಹಿಸಿತೆಂದು ಅಲ್ಲಿನ ಸರ್ಕಾರ ದೂರಿತು. 2017ರಲ್ಲಿ 22 ಲಕ್ಷ ಡಾಲರ್ ತೆತ್ತು ಕಂಪನಿ ರಾಜಿಯಾಯಿತು. ಅಂಥ ದೂತನೂ ಗಂಟೆ ಕೇಳುವವನೂ ದಿನಚರಿಯಲ್ಲಿ ಅಕ್ಕಪಕ್ಕದ ಸಾಲುಗಳಲ್ಲಿರುತ್ತಾರೆ. ವಿಳಾಸವನ್ನು ಬೆನ್ನಟ್ಟಿದರೆ ಅದು ಅಮೆಜಾನಿನದೋ ಗೂಗಲ್ಲಿನದೋ ಬಾಡಿಗೆ ಯಂತ್ರವೆಂದು ತಿಳಿಯುತ್ತದೆ. ಮನೆಯೊಡೆಯನ ಹೆಸರು ಸಿಕ್ಕಿತು, ಬಾಡಿಗೆದಾರನದಲ್ಲ. ಉಪಕರಣ ಕೇಳಿದ ಹೆಸರುಗಳನ್ನು ನೋಡೋಣವೆಂದರೆ, ಆ ಪ್ರಶ್ನೆಯನ್ನೇ ಗುಪ್ತಲಿಪಿಯಲ್ಲಿ ಕಳುಹಿಸುವ ಪದ್ಧತಿಯೊಂದು 2018ರಲ್ಲಿ ಶಾಸ್ತ್ರೀಯವಾಗಿ ಗೊತ್ತಾಗಿದೆ. ಬೀದಿಯವರ ಕಣ್ಣಿನಿಂದ ಕಾಪಾಡುವ ಪರದೆ ಒಳ್ಳೆಯದೇ. ಆದರೆ ಅದು ಮನೆಯ ಯಜಮಾನನಿಗೂ ಅಡ್ಡವಾಗುತ್ತದೆ.

ಆದ್ದರಿಂದ ಗೃಹಸ್ಥನೇ ಜಾಣನಾಗಬೇಕೆಂಬ ಉಪದೇಶವನ್ನು ನಾನು ಒಪ್ಪಲಾರೆ. ಹೇಳಬೇಕಾದವನು ತಯಾರಕ. ಉಪಕರಣವು ಯಾರೊಡನೆ ಮಾತನಾಡಬೇಕಾಗಿದೆಯೆಂಬುದನ್ನು ಜಾಲವೇ ಓದಿಕೊಳ್ಳುವಂತೆ ಸಾರುವ ವಿಧಾನವನ್ನು ಇಂಟರ್‌ನೆಟ್ಟಿನ ಇಂಜಿನಿಯರುಗಳು 2019ರ ಮಾರ್ಚಿಯಲ್ಲಿಯೇ, 8520ನೆಯ ಆರ್‌ಎಫ್‌ಸಿ ಎಂಬ ದಾಖಲೆಯಲ್ಲಿ, ಬರೆದಿಟ್ಟಿದ್ದಾರೆ. ನಾನು ತೆರೆದು ನೋಡಿದ ಕೈಪಿಡಿಗಳಲ್ಲಾದರೋ ಗೋಡೆಗೆ ಹೊಡೆಯಬೇಕಾದ ಮೊಳೆಯ ಅಳತೆಯಿದೆ, ಒರೆಸುವ ಬಟ್ಟೆ ಹೇಗಿರಬೇಕೆಂಬ ಬುದ್ಧಿಮಾತಿದೆ. ವಿಳಾಸ ಒಂದೂ ಇಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಿಟ್ಟು, ಸಕ್ಕರೆ, ಎಣ್ಣೆಗಳ ಪಟ್ಟಿಯನ್ನು ಕಾನೂನಿನಿಂದ ಬರೆಸಿದ ನಾವು, ಪಡಸಾಲೆಯಲ್ಲಿ ಹಗಲಿರುಳು ಕುಳಿತಿರುವ ಯಂತ್ರದಿಂದ ಅಷ್ಟನ್ನೂ ಕೇಳಬಾರದೆ?

ಅದು ದೊರೆಯುವವರೆಗೆ ಟೆಲಿವಿಷನ್ನನ್ನು ರೂಟರಿನ ಅತಿಥಿ ಜಾಲಕ್ಕೆ ಸೇರಿಸಿಡಬಹುದು. ಹೊರಹೋಗುವುದು ಅದರಿಂದ ನಿಲ್ಲದು. ಮನೆಯ ಇತರ ಯಂತ್ರಗಳ ಸಹವಾಸ ಮಾತ್ರ ತಪ್ಪುತ್ತದೆ, ಅಪರಿಚಿತನನ್ನು ಜಗಲಿಯ ಮೇಲೆ ಕೂರಿಸಿದಂತೆ. ಮುಂದಿನ ಸಲ ಕೊಳ್ಳಲು ಹೋದಾಗ, ಇದು ಎಲ್ಲೆಲ್ಲಿಗೆ ಹೋಗುತ್ತದಪ್ಪಾ ಎಂದು ಅಂಗಡಿಯವನನ್ನು ಕೇಳಿ. ಅವನಿಗೆ ತಿಳಿದಿರಲಾರದು. ಹತ್ತು ಮಂದಿ ಕೇಳಿದರೆ ಅವನೂ ತನ್ನ ಸರಬರಾಜುದಾರನನ್ನು ಕೇಳಿಯಾನು.