ಕುರುಚಲು ಕಾಡೂ ಕಾಡೇ

ಪಶ್ಚಿಮ ತಾಲ್ಲೂಕುಗಳೆಂಬ ಒಂದೇ ಹೆಸರಿನಿಂದ ಬಹುಕಾಲ ಕರೆಯಿಸಿಕೊಂಡ, ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಯಾವುದಾದರೊಂದು ಶಾಲೆಯಲ್ಲಿ ಕಾಡಿನ ಚಿತ್ರವನ್ನು ಬರೆಯಿರೆಂದು ಮಕ್ಕಳಿಗೆ ಹೇಳಿದರೆ, ಅವರಲ್ಲಿ ಬಹುಮಂದಿ ಬರೆಯುವುದು ಜಲಪಾತ ಧುಮುಕುವ ಹಸುರು ಪರ್ವತವನ್ನು. ತಮ್ಮ ಊರಿನ ಬಂಡೆಗುಡ್ಡವಾಗಲಿ, ಅದರ ಇಳುಕಲಿನ ಕಮರ, ಮುತ್ತುಗ, ಬಂದರಿಕೆ, ಕಾರೆಗಳಾಗಲಿ ಆ ಚಿತ್ರದಲ್ಲಿ ಕಾಣಿಸಿಕೊಳ್ಳುವುದು ಅಪೂರ್ವ. ಇದು ಮಗುವಿನ ದೋಷವಲ್ಲ. ಇಡೀ ರಾಜ್ಯಕ್ಕೆ ಒಂದೇ ಆದ ಪಠ್ಯಪುಸ್ತಕವು ಪ್ರತಿಯೊಂದು ಸೀಮೆಯ ಮಣ್ಣನ್ನೂ ಮರವನ್ನೂ ಹೇಳಲಾರದು. ಹೇಳದೆ ಉಳಿದುದನ್ನು ತೋರಿಸಬೇಕಾದ ಹೊಣೆ ಶಾಲೆಯದು. ಆ ಹೊಣೆಯನ್ನು ನಿರ್ವಹಿಸದಿದ್ದರೆ, ಪರಿಸರವೆಂಬುದು ಮಲೆನಾಡಿನಲ್ಲಿಯೋ ದೂರದರ್ಶನದಲ್ಲಿಯೋ ಇರುವ ವಸ್ತು, ನಮ್ಮದು ಬರಿಯ ಬಯಲು ಎಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬೇರೂರುತ್ತದೆ. ಬರಿಯ ಬಯಲೆಂದು ತಿಳಿದುದನ್ನು ಕಾಪಾಡಬೇಕೆಂಬ ಬುದ್ಧಿ ಮುಂದೆ ಯಾರಿಗೆ ತಾನೆ ಹುಟ್ಟೀತು?

ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ವಕೀಲ ಎಂ.ಸಿ. ಮೆಹತಾ ಅವರ ಮೊಕದ್ದಮೆಯಲ್ಲಿ ಪರಿಸರ ಶಿಕ್ಷಣವನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸುವಂತೆ ನಿರ್ದೇಶಿಸಿತು. ವಿಷಯವೇನೋ ಪಠ್ಯಕ್ರಮದೊಳಗೆ ಬಂದಿತು. ಆದರೆ ಮಗು ಮಾತ್ರ ಕೊಠಡಿಯಿಂದ ಹೊರಗೆ ಬರಲಿಲ್ಲ.

ಹೊರಗೆ ಬಂದರೆ ಕಾಣಲು ಏನಿದೆಯೆಂದು ಕೇಳುವವರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯ ಏರಿಯ ಮೇಲೆ ಒಂದು ಮುಂಜಾನೆ ನಿಲ್ಲಬೇಕು. ಶತಮಾನಗಳ ಹಿಂದೆ ಬೇಸಾಯಕ್ಕಾಗಿ ಕಟ್ಟಿದ, ನೂರು ಹೆಕ್ಟೇರಿಗೆ ತುಸುವೇ ಕಡಮೆಯಾದ ಈ ಕೆರೆಯು 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆನಿಸಿ, 2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆಗಳೊಡನೆ ರಾಮ್ಸಾರ್ ಪಟ್ಟಿಯನ್ನು ಸೇರಿತು. ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ 1971ರಲ್ಲಿ ಆದ ಒಪ್ಪಂದದ ಮೇರೆಗೆ ಜಗತ್ತು ಗಣ್ಯವೆಂದು ಗುರುತಿಸುವ ಜಲಭೂಮಿಗಳಲ್ಲಿ ಇಂದು ಇದೂ ಒಂದು. ಅಲ್ಲಿಯ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ಕೆಂಬರಲುಗಳು, ನೀರುಕಾಗೆಗಳು ನೆರೆದಿರುವುದನ್ನು ಕಂಡ ಮಗುವಿಗೆ ‘ಆಹಾರ ಸರಪಳಿ’ ಎಂಬ ಪದವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಬಾಯ್ಕಳಕ ಕೊಕ್ಕರೆಯ ಎರಡು ಕೊಕ್ಕುಗಳ ನಡುವೆ ಸಂದೇಕೆ ಇದೆಯೆಂದು ಅದೇ ಕೇಳುತ್ತದೆ. ಬಸವನಹುಳುವನ್ನು ಹಿಡಿದು ಚಿಪ್ಪಿನಿಂದ ಬಿಡಿಸುವ ಆ ಹಕ್ಕಿಯ ಕಾಯಕವನ್ನು ಕಣ್ಣಾರೆ ಕಂಡ ಮೇಲೆ ಉತ್ತರ ಮರೆಯುವುದಿಲ್ಲ. ಹಕ್ಕಿಯ ಹಿಕ್ಕೆಯಿಂದ ನೀರಿಗೆ ಸಾರ, ನೀರಿನ ಸಾರದಿಂದ ಪಾಚಿಗೂ ಮೀನಿಗೂ ಪುಷ್ಟಿ, ಮೀನಿನಿಂದ ಮತ್ತೆ ಹಕ್ಕಿಗೆ ಆಹಾರ. ಕೆರೆಯ ಗೋಡು ಹೊಲಕ್ಕೆ ಬಿದ್ದರೆ ಬೆಳೆ ಹೇಗೆ ಏಳುತ್ತದೆಂಬುದನ್ನು ಬಲ್ಲ ಹಿರಿಯ ರೈತರೊಬ್ಬರನ್ನು ಏರಿಯ ಮೇಲೆ ಕುಳ್ಳಿರಿಸಿ ಮಾತನಾಡಿಸಿದರೆ, ಆ ದಿನದ ಉಪಾಧ್ಯಾಯರು ಅವರೇ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ವಿಚಾರ ಇನ್ನೂ ಗಹನವಾದುದು, ಏಕೆಂದರೆ ಅಲ್ಲಿ ಪರಿಸರಜ್ಞಾನವು ಪ್ರಾಣರಕ್ಷಣೆಯ ಜ್ಞಾನವೂ ಹೌದು. ಅಲ್ಲಿಯ ಬಂಡೆಗಳ ಪೊಟರೆಗಳಲ್ಲಿ ವಾಸಿಸುವ ಕರಡಿಗಳಿಗಾಗಿ 2013ರಲ್ಲಿ ಧಾಮವನ್ನು ಘೋಷಿಸಲಾಯಿತು. ಗೆದ್ದಲು, ಜೇನು, ಬಾರಿಹಣ್ಣು, ಕವಳೆಹಣ್ಣುಗಳನ್ನು ತಿಂದು, ಬೀಜಗಳನ್ನು ಗುಡ್ಡದಿಂದ ಗುಡ್ಡಕ್ಕೆ ಹರಡುವ ಈ ಪ್ರಾಣಿಯು ಶೇಂಗಾ ಹೊಲಕ್ಕೂ ಬರುತ್ತದೆ, ಮನುಷ್ಯನಿಗೆ ಎದುರಾಗಿ ಗಾಯಗೊಳಿಸುವುದೂ ಉಂಟು. ಕರಡಿಯೆಂದರೆ ದುಷ್ಟಮೃಗವೆಂಬ ಮಾತನ್ನಷ್ಟೇ ಕೇಳಿ ಬೆಳೆದ ಮಗುವಿಗೂ, ಅದರ ದೃಷ್ಟಿ ಮಂದ, ಅನಿರೀಕ್ಷಿತವಾಗಿ ಸಮೀಪಿಸಿದರೆ ಬೆದರಿ ಮೇಲೆ ಬೀಳುತ್ತದೆ, ಆದುದರಿಂದ ಮುಸ್ಸಂಜೆಯಲ್ಲಿ ಕುರಿ ಹೊಡೆದುಕೊಂಡು ಬರುವಾಗ ಒಂಟಿಯಾಗಿರದೆ ಸದ್ದು ಮಾಡುತ್ತ ನಡೆಯತಕ್ಕದ್ದು ಎಂಬುದನ್ನು ಅರಣ್ಯ ರಕ್ಷಕರ ಬಾಯಿಂದ, ಅದೇ ಗುಡ್ಡದ ಬುಡದಲ್ಲಿ ಕೇಳಿದ ಮಗುವಿಗೂ ಇರುವ ಅಂತರವನ್ನು ಯಾವ ಪರೀಕ್ಷೆಯ ಅಂಕವೂ ಅಳೆಯಲಾರದು. ಕುರಿಗಾರರ ಮನೆಯ ಮಕ್ಕಳು ಬಹುಸಂಖ್ಯೆಯಲ್ಲಿರುವ ಈ ಸೀಮೆಯಲ್ಲಿ ಇಂತಹ ಪಾಠ ಇಲ್ಲದಿರುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ ಸ್ತುತ್ಯವಾದ ಕಾರ್ಯ. ಆದರೆ ಒಮ್ಮೆ ಹೋಗಿ ಬರುವುದು ದರ್ಶನವಾಗಬಹುದೇ ಹೊರತು ಪರಿಚಯವಾಗದು. ವರ್ಷಕ್ಕೊಮ್ಮೆ ಬಸ್ಸು ಹತ್ತಿಸಿ ದೂರದ ಅರಮನೆ, ಉದ್ಯಾನಗಳನ್ನು ತೋರಿಸುವ ಪ್ರವಾಸವನ್ನು ನಾನು ಬೇಡವೆನ್ನುವುದಿಲ್ಲ. ಅದರ ವೆಚ್ಚವನ್ನು ಭರಿಸಲಾರದ ಮನೆಯ ಮಕ್ಕಳು ಅದರಿಂದ ಹೊರಗುಳಿಯುತ್ತಾರೆಂಬುದನ್ನು ಮಾತ್ರ ಮರೆಯಲಾಗದು. ಊರಿನ ಕೆರೆಗೆ ನಡೆದು ಹೋಗಲು ಬಾಡಿಗೆ ಬೇಕಿಲ್ಲ. ಅದೇ ಕೆರೆಯನ್ನು ಮುಂಗಾರಿನಲ್ಲಿ ಒಮ್ಮೆ, ಹಿಂಗಾರಿನಲ್ಲಿ ಒಮ್ಮೆ, ನೆಲ ಬಿರಿಯುವ ಬೇಸಿಗೆಯ ಮೊದಲಲ್ಲಿ ಮತ್ತೊಮ್ಮೆ ನೋಡಿದ ಮಗುವೇ ಮಳೆಯ ಬೆಲೆಯನ್ನು ಅರಿತೀತು. ಹಡಗಲಿಯವರಿಗೆ ತುಂಗಭದ್ರೆಯ ದಡವೂ ಮಲ್ಲಿಗೆಯ ತೋಟವೂ ಇವೆ. ಹರಪನಹಳ್ಳಿಯವರಿಗೆ ಉಚ್ಚಂಗಿದುರ್ಗದ ಗುಡ್ಡವಿದೆ. ಕೊಟ್ಟೂರಿನವರಿಗೆ ತಮ್ಮ ಕೆರೆ ಇದ್ದೇ ಇದೆ.

ತಂದೆತಾಯಿಗಳ ಭಯವನ್ನು ಹಗುರವಾಗಿ ಕಾಣಲಾಗದು. ನೀರು, ಬಿಸಿಲು, ಹಾವು ಇವೆಲ್ಲವೂ ನಿಜ. ಇಬ್ಬರೇ ಉಪಾಧ್ಯಾಯರಿರುವ ಶಾಲೆಯಲ್ಲಿ ಅರುವತ್ತು ಮಕ್ಕಳನ್ನು ಹೊರಗೊಯ್ಯುವುದು ಸಾಹಸವೇ ಸರಿ. ಅದಕ್ಕೆಂದೇ ಏರಿಯಿಂದ ಕೆಳಕ್ಕೆ ಇಳಿಯದ, ಗೂಡುಗಳ ಹತ್ತಿರ ಸುಳಿಯದ, ಒಂದು ತರಗತಿಯನ್ನು ಮಾತ್ರ ಒಯ್ಯುವ, ಶಾಲಾಭಿವೃದ್ಧಿ ಸಮಿತಿಯ ಹಿರಿಯರು ಜೊತೆಗಿರುವ ಕ್ರಮ ಬೇಕು. ಕರಡಿಯ ಸೀಮೆಗೆ ಅರಣ್ಯ ಸಿಬ್ಬಂದಿಯಿಲ್ಲದೆ ಹೋಗಲೇಬಾರದು. ಏನಾದರೂ ಆದರೆ ಹೊಣೆ ತನ್ನೊಬ್ಬನದೇ ಎಂಬ ಅಳುಕು ಉಪಾಧ್ಯಾಯನಿಗೆ ಇರದಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯೇ ಲಿಖಿತ ಅನುಮತಿಯನ್ನೂ ವಾರ್ಷಿಕ ವೇಳಾಪಟ್ಟಿಯನ್ನೂ ಕೊಡಬೇಕು. ಸಮಯಕ್ಕೆ ಕೊರತೆಯಿಲ್ಲ: ಶನಿವಾರ ಹೇಗೂ ಬೆಳಗಿನ ಶಾಲೆ, ಅದರಲ್ಲಿಯೂ ತಿಂಗಳಿಗೊಂದು ಶನಿವಾರ ಪುಸ್ತಕದ ಚೀಲವಿಲ್ಲದ ‘ಸಂಭ್ರಮ ಶನಿವಾರ’. ಆ ಒಂದು ಬೆಳಗನ್ನು ಈ ಐದು ತಾಲ್ಲೂಕುಗಳ ಶಾಲೆಗಳು ತಂತಮ್ಮ ಕೆರೆಗೆ ಮೀಸಲಿಟ್ಟು, ನೀರು ಯಾವ ಕಲ್ಲಿನವರೆಗೆ ನಿಂತಿದೆ, ಯಾವ ಹಕ್ಕಿ ಬಂದಿದೆ, ಯಾವ ಮರ ಹೂಬಿಟ್ಟಿದೆ ಎಂಬುದನ್ನು ಒಂದು ದಪ್ಪ ಪುಸ್ತಕದಲ್ಲಿ ಮಕ್ಕಳ ಕೈಯಿಂದಲೇ ಬರೆಯಿಸಿ, ಏಳನೆಯ ತರಗತಿಯವರು ಶಾಲೆ ಬಿಡುವಾಗ ಆ ಪುಸ್ತಕವನ್ನು ಆರನೆಯವರಿಗೆ ಒಪ್ಪಿಸಿ ಹೋಗುವಂತೆ ಮಾಡಲಿ; ಬರುವ ಜೂನ್ ತಿಂಗಳಲ್ಲಿಯೇ ಇದನ್ನು ಆರಂಭಿಸಬಹುದು.